ಅನುದಾನಕ್ಕೊಂದು ಹಳದಿ ಅಂಗಿ

ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದರೂ ಏನನ್ನಾದರೂ ಕಂಡುಹಿಡಿಯಬೇಕು ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಂಡುಹಿಡಿಯುವವರು ಕಂಡುಹಿಡಿಯಲಿ, ನಾವು ಅದನ್ನು ಬೋರ್ಡಿನ ಮೇಲೆ ಬರೆಯೋಣ ಎಂಬುದು ನನ್ನ ಧೋರಣೆ. ಕೊಚ್ಚಿಯ ನಮ್ಮ ಕಾಲೇಜಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಹೋದ ವರ್ಷ ಬಂದ ಹೊಸ ಪ್ರಿನ್ಸಿಪಾಲರು, ಹೊರಗಿನಿಂದ ಸಂಶೋಧನಾ ಅನುದಾನ ತಂದವರ ಬಡ್ತಿಯ ಕಡತ ಮಾತ್ರ ಮುಂದೆ ಹೋಗುತ್ತದೆ ಎಂದುಬಿಟ್ಟರು. ನನ್ನ ಕಡತ ಅವರ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಅವರು ಚಹಾದ ಲೋಟ ಇಟ್ಟದ್ದನ್ನು ಕಣ್ಣಾರೆ ಕಂಡೆ. ನನ್ನ ಕೈಯಲ್ಲಿ ಓದಿದ ಇಬ್ಬರು ಆಗಲೇ ನನಗಿಂತ ಮೇಲಿನ ಹುದ್ದೆಯಲ್ಲಿದ್ದಾರೆ. ನಿಜಕ್ಕೂ ಸಂಕಟವಾಯಿತು.

ಅನುದಾನ ಕೇಳುವುದಕ್ಕೆ ಮೊದಲು ಒಂದು ಪ್ರಶ್ನೆ ಬೇಕು. ನನ್ನ ಹತ್ತಿರ ಇದ್ದದ್ದೆಲ್ಲ ಉತ್ತರಗಳೇ. ಹೆಂಡತಿ ಸುಧಾ ಬ್ಯಾಂಕಿನಲ್ಲಿ ಅಧಿಕಾರಿ. ಅವಳಿಗೆ ವರ್ಗವಾಯಿತೆಂದೇ ಮೈಸೂರು ಬಿಟ್ಟು ನಾನೂ ಇಲ್ಲಿ ಬಂದು ಸೇರಿಕೊಂಡದ್ದು. ದಿನಾ ಸಾಲದ ಅರ್ಜಿ ಓದುವ ಅವಳು ನನ್ನ ಮೊದಲ ಕರಡನ್ನು ಓದಿ, "ಏನ್ರೀ, ಇದನ್ನ ನೋಡಿ ನಾನಾದ್ರೆ ಒಂದು ಹಸು ಸಾಲಾನೂ ಕೊಡಲ್ಲ" ಅಂದಳು. "ನಿಮ್ಮ ಅಂಗಿ ಯಾಕೆ ಹಳದಿ ಆಗುತ್ತೆ ಅಂತ ಬರೀರಿ."

ಕೊಚ್ಚಿಯ ವೈಟ್ಟಿಲ ಬಡಾವಣೆಯಲ್ಲಿರುವ ನಮ್ಮ ಮನೆಯ ಬಾವಿ ನೀರಿನಲ್ಲಿ ಕಬ್ಬಿಣ ಜಾಸ್ತಿ. ಸೇದಿದಾಗ ತಿಳಿಯಾಗಿರುತ್ತದೆ, ಬಟ್ಟೆಗೆ ಬಿದ್ದ ಮೇಲೆ ಬಣ್ಣ ತೋರಿಸುತ್ತದೆ. ನನ್ನ ಆರೂ ಅಂಗಿಗಳನ್ನು ಬಿಳಿ ಎಂದು ಕರೆಯುವವನು ಈಗ ನಾನೊಬ್ಬನೇ. ಅಂತೂ ಪ್ರಶ್ನೆ ಸಿಕ್ಕಿತು: ಬಾವಿ ನೀರಿನಿಂದ ಕಬ್ಬಿಣ ತೆಗೆಯುವುದು ಹೇಗೆ? ಸಹೋದ್ಯೋಗಿಯೊಬ್ಬರ ಸಲಹೆಯಂತೆ ಶೀರ್ಷಿಕೆಯಲ್ಲಿ 'ನ್ಯಾನೋ' ಎಂಬ ಪದ ಸೇರಿಸಿ, ಈ ದಿಸೆಯಲ್ಲಿ ಈವರೆಗೆ ಯಾರೂ ಕೆಲಸ ಮಾಡಿಲ್ಲ ಎಂಬ ಸಾಲೊಂದನ್ನು ಬರೆದು ಕಳಿಸಿದೆ. ಆ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದಂತೆ.

ತಿರುವನಂತಪುರದ ಅನುದಾನ ಸಮಿತಿಯಿಂದ ಸಂದರ್ಶನಕ್ಕೆ ಕರೆ ಬಂತು. ಬೆಳಗಿನ ರೈಲಿನಲ್ಲಿ ಹೋಗಿ ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿದೆ. ಪ್ರಯಾಣಕ್ಕೆ ನಾಲ್ಕು ಗಂಟೆ, ಮಾತಿಗೆ ಏಳು ನಿಮಿಷ. ಸಮಿತಿಯ ಅಧ್ಯಕ್ಷೆ ನರೆಗೂದಲಿನ ಮಲಯಾಳಿ ಪ್ರಾಧ್ಯಾಪಕಿ. ಅವರು ನನ್ನ ಸ್ಲೈಡುಗಳನ್ನು ಬಿಟ್ಟು ನನ್ನ ಅಂಗಿಯನ್ನೇ ನೋಡುತ್ತಿದ್ದರು. ಕೊನೆಗೆ, 'ಮೇಷ್ಟ್ರೇ' ಎಂಬುದನ್ನು ಮಾತ್ರ ಮಲಯಾಳಂನಲ್ಲೇ ಉಳಿಸಿಕೊಂಡು, ಇಂಗ್ಲಿಷಿನಲ್ಲಿ, "ಮಾಷೇ, ಇದು ಮನೆಯ ಬಾವಿ ನೀರಿನಲ್ಲೇ ಒಗೆದದ್ದಾ?" ಎಂದು ಕೇಳಿದರು.

"ಹೌದು ಮೇಡಂ."

"ಎಷ್ಟು ವರ್ಷದಿಂದ?"

"ಎಂಟು."

ಸಮಿತಿಯವರೆಲ್ಲ ಅದನ್ನು ಬರೆದುಕೊಂಡರು. "ಸಮಸ್ಯೆ ಇದೆ ಅನ್ನುವುದಕ್ಕೆ ಸಾಕ್ಷಿ ತಂದಿದ್ದೀರಿ. ಪರಿಹಾರ ಇದೆ ಅನ್ನುವುದಕ್ಕೂ ಏನಾದರೂ ಬೇಕಲ್ಲ? ಒಂದು ತಿಂಗಳಲ್ಲಿ ಪ್ರಾಥಮಿಕ ಫಲಿತಾಂಶ ಕಳಿಸಿ" ಎಂದರು ಅಧ್ಯಕ್ಷೆ. ಹಣ ಸಿಕ್ಕರೆ ಫಲಿತಾಂಶ ಬರುತ್ತದೆ, ಫಲಿತಾಂಶ ಬಂದರೆ ಹಣ ಸಿಗುತ್ತದೆ. ವಾಪಸು ಬರುವಾಗ ಕೊಲ್ಲಂವರೆಗೂ ಇದನ್ನೇ ಯೋಚಿಸಿದೆ. ಆಮೇಲೆ ನಿದ್ದೆ ಬಂತು.

ಮರುದಿನ ನಾನು ಮುಖ ಇಳಿಬಿಟ್ಟುಕೊಂಡು ಕೂತಿದ್ದನ್ನು ನೋಡಿ ಸುಧಾ ಹಿತ್ತಲಿಗೆ ಕರೆದಳು. ಅಲ್ಲಿ ಎರಡು ಬಕೆಟ್. ಬಾವಿ ನೀರನ್ನು ಕಾಫಿ ಆರಿಸುವ ಹಾಗೆ ಒಂದರಿಂದ ಇನ್ನೊಂದಕ್ಕೆ ಎತ್ತರದಿಂದ ಹತ್ತಿಪ್ಪತ್ತು ಸಲ ಸುರಿಯುವುದು, ಒಂದು ದಿನ ಅಲುಗಿಸದೆ ಬಿಡುವುದು, ತಳದ ಗಸಿ ಕದಡದಂತೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳುವುದು. ತನ್ನ ಬಿಳಿ ಸೀರೆಗಳನ್ನು ಅವಳು ಇಷ್ಟು ವರ್ಷ ಒಗೆದದ್ದು ಆ ನೀರಿನಲ್ಲಂತೆ. ತಂತಿಯ ಮೇಲೆ ಎರಡು ಸೀರೆ ಬೆಳ್ಳಗೆ ಒಣಗುತ್ತಿದ್ದವು. ಪಕ್ಕದಲ್ಲಿ ನನ್ನ ಅಂಗಿ. ವೀಕ್ಷಣೆಯೇ ವಿಜ್ಞಾನದ ಮೊದಲ ಹೆಜ್ಜೆ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುವವನು ನಾನೇ.

ಆ ನೀರನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿದೆ. ಕಬ್ಬಿಣ ಹೆಚ್ಚೂಕಡಿಮೆ ಇರಲೇ ಇಲ್ಲ. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು.

"ಮತ್ತೆ ನನ್ನ ಅಂಗಿ ಯಾಕೆ ಈ ನೀರಲ್ಲಿ ಒಗೀಲಿಲ್ಲ?"

"ಮೊದಲನೇ ವರ್ಷಾನೇ ಹೇಳಿದ್ದೆನಲ್ಲ. ಹಾಗೆಲ್ಲ ಸುರಿದ್ರೆ ಆಗಲ್ಲ, ಇದಕ್ಕೆ ಸಂಶೋಧನೆ ಆಗ್ಬೇಕು ಅಂದ್ರಿ. ಆಗ್ಲಿ ಅಂತ ಕಾಯ್ತಾ ಇದೀನಿ."

ಫಲಿತಾಂಶ ಕಳಿಸಿದೆ. ಅನುದಾನ ಮಂಜೂರಾಯಿತು, ಕಡತವೂ ಮುಂದೆ ಹೋಯಿತು. ಮೂರು ವರ್ಷದ ಯೋಜನೆ. ಮುಖ್ಯ ಸಂಶೋಧಕ ನಾನು. ಈಗ ದಿನಾ ಸಂಜೆ ಮುಖ್ಯ ಸಂಶೋಧಕ ಹಿತ್ತಲಲ್ಲಿ ನಿಂತು ನೀರು ಸುರಿಯುತ್ತಾನೆ. ಸುಧಾ ಮೆಟ್ಟಿಲ ಮೇಲೆ ಕೂತು, "ಇನ್ನೂ ಸ್ವಲ್ಪ ಎತ್ತರದಿಂದ" ಅನ್ನುತ್ತಾಳೆ. ಮೊನ್ನೆ ಮನಸ್ಸು ತಡೆಯದೆ, ವರದಿಯಲ್ಲಿ ನಿನ್ನ ಹೆಸರನ್ನೂ ಸೇರಿಸುತ್ತೇನೆ ಅಂದೆ.

"ಅಯ್ಯೋ ಬೇಡಿ" ಅಂದಳು. "ನಿಮ್ಮ ಅಂಗಿ ನೋಡಿದವರು, ಇದ್ಯಾಕೆ ಇನ್ನೂ ಹಳದಿ ಅಂತ ನನ್ನನ್ನ ಕೇಳ್ತಾರೆ."