ನಿಘಂಟಿನ ಬೆನ್ನೊಳಗಿನ ಕಾಗದ

"ಇವತ್ತು ಸೂರ್ಯ ಮುಳುಗೋದರೊಳಗೆ ಅಜ್ಜನ ನಿಘಂಟಿಗೆ ನಾನೇ ರಟ್ಟು ಕಟ್ತೀನಿ. ಹಳೇ ಕಾಲದವರು ಹೇಗೆ ಕಟ್ತಿದ್ರೋ ಥೇಟ್ ಹಾಗೇ!"

ಭಾನುವಾರ ಬೆಳಿಗ್ಗೆ ಕರಡುರಾಯರು ತೋಳು ಮಡಿಸಿ ಘೋಷಿಸಿದರು. ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿ ಸಂಪಾದಿಸಿದ ಅಡ್ಡಹೆಸರು ಅದು. ಪುಸ್ತಕದ ಒಳಗಿನ ತಪ್ಪುಗಳನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹೊರಗಿನ ರಟ್ಟಿನ ವಿದ್ಯೆಯನ್ನು ಹೋದ ವಾರವಷ್ಟೇ ಓದಿ ಅರೆದು ಕುಡಿದಿದ್ದರು!

ನಿಘಂಟು ಅಚ್ಚಿನ ಯಂತ್ರ ಹೊಸದಾಗಿದ್ದ ಕಾಲದ್ದು. ಮರದ ಹಲಗೆಯ ರಟ್ಟು, ಕರುವಿನ ತೊಗಲು, ಬಾಯಿ ಬಿಗಿಯಲು ಹಿತ್ತಾಳೆಯ ಕೊಂಡಿ. ಬೆನ್ನಿನ ತೊಗಲು ಮಾತ್ರ ಕಳಚಿ ಜೋತಾಡುತ್ತಿತ್ತು.

ಅಡುಗೆಮನೆಯಲ್ಲಿ ಮೈದಾ ಅಂಟು ಕುದಿಯಿತು. ಹೆಂಡತಿ ಪಾತ್ರೆಗೆ ಇಣುಕಿದಳು.

"ಗಂಟು ಬಂದಿದೆ ಕಣ್ರೀ."

"ಇದು ಶತಮಾನಗಳ ವಿದ್ಯೆ ಕಣೇ! ನಿನಗೇನು ಗೊತ್ತು? ನಾಳೆ ಗ್ರಂಥಾಲಯದಲ್ಲಿ ನಿನ್ನ ಸಂದರ್ಶನ ಇದೆಯಲ್ಲ, ಅದಕ್ಕೆ ಓದ್ಕೋ ಹೋಗು."

ಯಾವ ಕೆಲಸಕ್ಕೆ ಸಂದರ್ಶನ ಎಂದು ರಾಯರು ಕೇಳಿರಲಿಲ್ಲ. ಧೂಳು ಒರೆಸುವುದಕ್ಕೂ ಸಂದರ್ಶನ ಮಾಡುತ್ತಾರಲ್ಲ ಎಂದು ಮನಸ್ಸಿನಲ್ಲೇ ನಕ್ಕಿದ್ದರು. ಹೆಂಡತಿ ಮಾತ್ರ ಹದಿನೆಂಟು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಹೊರಟಿದ್ದಳು. ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಬೆನ್ನಿಗೆ ದಾರ ಬಿಗಿದದ್ದಾಯಿತು. ಇನ್ನು ತೊಗಲಿನ ಅಡಿಗೆ ಕಾಗದದ ಅಸ್ತರು. ಕಾಗದ ದುಬಾರಿಯಾಗಿದ್ದ ಆ ಕಾಲದಲ್ಲಿ ರಟ್ಟು ಕಟ್ಟುವವರು ಇಲ್ಲಿಗೆ ರದ್ದಿ ಹಾಳೆಗಳನ್ನೇ ಅಂಟಿಸುತ್ತಿದ್ದರಂತೆ. ರಾಯರಿಗೆ ಹೊಸ ಕಾಗದ ಎಂದರೆ ಮಹಾಪರಾಧ! ಮನೆಯ ಹಳೇ ಕಾಗದಪತ್ರಗಳ ಪೆಟ್ಟಿಗೆ ತೆಗೆದರು. ಮೇಲೇ ಇತ್ತು ಒಂದು ಹಾಳೆ, ದಪ್ಪ, ಹಳದಿ ಬಣ್ಣಕ್ಕೆ ತಿರುಗಿದ್ದು, ಹಿಂಬದಿ ಮೇಲಾಗಿ ಮಲಗಿತ್ತು. ತಿರುವಿ ನೋಡುವ ವ್ಯವಧಾನ ಯಾರಿಗಿದೆ? ಕತ್ತರಿ ಎರಡು ಸಲ ಕಚಕಚ ಎಂದಿತು. ಮೂರು ಪಟ್ಟಿಗಳು ಅಂಟಿದವು, ಮೇಲೆ ತೊಗಲು ಕೂತಿತು. ರಾಯರು ಮೀಸೆ ತಿರುವಿದರು, ಮೀಸೆಗೂ ಅಂಟು ಹತ್ತಿತು.

ಸಂಜೆ ಐದಕ್ಕೆ ಹೆಂಡತಿಯ ಕೂಗು.

"ರೀ! ಪೆಟ್ಟಿಗೇಲಿ ಮೇಲಿಟ್ಟಿದ್ದ ನನ್ನ ಪ್ರಮಾಣಪತ್ರ ಎಲ್ಲಿ?"

ರಾಯರು ಮೇಜಿನ ಮೇಲಿದ್ದ ಕತ್ತರಿಯನ್ನು ಮೆಲ್ಲಗೆ ಹಿಂದೆ ಸರಿಸಿದರು.

"ಅದು... ಹಳದೀದಾ?"

"ಹೌದು!"

"ದಪ್ಪಂದಾ?"

"ಹೌದ್ರೀ! ಎಲ್ಲಿಟ್ರಿ?"

ರಾಯರು ನಿಘಂಟಿನ ಕಡೆ ಬೆರಳು ತೋರಿಸಿದರು. ಅವಳ ಕಣ್ಣು ತುಂಬಿತು. "ಅದಿಲ್ಲದೆ ನನ್ನನ್ನ ಒಳಗೂ ಬಿಡಲ್ಲ ಕಣ್ರೀ," ಎಂದಳು. ರಾಯರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಚಾಕು ತೆಗೆದುಕೊಂಡು ಪುಸ್ತಕದ ಮೇಲೆ ಎರಗಿದರು.

"ಮುಟ್ಟಬೇಡಿ!"

ಕಣ್ಣೊರೆಸಿಕೊಂಡ ಹೆಂಡತಿ ಸೆರಗು ಸಿಕ್ಕಿಸಿ ಮೇಜಿನ ಮುಂದೆ ಕೂತಳು. ಇನ್ನೂ ಹಸಿಯಾಗಿದ್ದ ತೊಗಲನ್ನು ನಿಧಾನವಾಗಿ ಎಬ್ಬಿಸಿದಳು. ಪಟ್ಟಿಗಳ ಮೇಲೆ ತೆಳ್ಳಗೆ ಒದ್ದೆ ಅಂಟು ಬಳಿದು, ಒಳಗಿನ ಅಂಟು ನೆನೆದು ಸಡಿಲವಾಗಲು ಬಿಟ್ಟು, ಮೂಳೆಯ ಚಪ್ಪಟೆ ಕಡ್ಡಿಯಿಂದ ಒಂದೊಂದಾಗಿ ಬಿಡಿಸಿದಳು. ಗಂಟಿಲ್ಲದ ಹೊಸ ಅಂಟು ಕಾಯಿಸಿ, ಹಿಂದೆ ತೆಳುಕಾಗದ ಕೊಟ್ಟು ಮೂರನ್ನೂ ಕೂಡಿಸಿದಳು. ಕೂಡಿದ ಗೆರೆ ಕರಡು ತಿದ್ದುವ ಕಣ್ಣಿಗೂ ಸಿಗಲಿಲ್ಲ!

"ಇದನ್ನೆಲ್ಲ ಎಲ್ಲಿ ಕಲಿತೆ?" ರಾಯರು ಬೆಪ್ಪಾಗಿ ಕೇಳಿದರು.

ಅವಳು ಹಾಳೆಯನ್ನು ಅವರ ಕಡೆ ತಿರುಗಿಸಿದಳು. ರಾಯರು ಅಕ್ಷರ ಅಕ್ಷರ ಓದಿದರು. 'ಪ್ರಾಚೀನ ಗ್ರಂಥಗಳ ರಟ್ಟು ಕಟ್ಟುವ ವಿದ್ಯೆ, ಎರಡು ವರ್ಷದ ತರಬೇತಿ, ಪ್ರಥಮ ಶ್ರೇಣಿ.'

"ಮದುವೆಗೆ ಮುಂಚೆ ಅಚ್ಚುಕೂಟದಲ್ಲಿದ್ದೆ ಅಂದಿದ್ದೆಯಲ್ಲ, ಹಾಳೆ ಮಡಿಸ್ತಿದ್ದೆ ಅಂದ್ಕೊಂಡಿದ್ದೆ!"

"ಅಂದ್ಕೊಂಡ್ರಿ. ಕೇಳಲಿಲ್ಲ."

ಮರುದಿನ ಸಂದರ್ಶನದಲ್ಲಿ ಗ್ರಂಥಪಾಲರು ಆ ಹಾಳೆಯನ್ನು ಬೆಳಕಿಗೆ ಹಿಡಿದರಂತೆ. "ಇದನ್ನ ಕೂಡಿಸಿದ್ದು ಯಾರು?" ಎಂದಷ್ಟೇ ಕೇಳಿದರಂತೆ. ಬೇರೆ ಪ್ರಶ್ನೆಯೇ ಇಲ್ಲ! ಈಗ ಅಲ್ಲಿನ ಹಳೆಯ ಪುಸ್ತಕಗಳ ದುರಸ್ತಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ.

ಅಜ್ಜನ ನಿಘಂಟಿಗೆ ಮುಂದಿನ ಭಾನುವಾರ ಅವಳೇ ರಟ್ಟು ಕಟ್ಟಿದಳು. ರಾಯರಿಗೆ ವಹಿಸಿದ್ದು ಅಂಟು ತಿರುವುವ ಘನಕಾರ್ಯ. ಮುಕ್ಕಾಲು ಗಂಟೆ ಒಲೆಯ ಮುಂದೆ ಬೆವರಿ, ಪಾತ್ರೆಯನ್ನು ಎರಡೂ ಕೈಯಲ್ಲಿ ತಂದು ಮುಂದಿಟ್ಟರು. ಅವಳು ಬೆರಳದ್ದಿ ನೋಡಿದಳು.

"ಗಂಟು ಬಂದಿದೆ ಕಣ್ರೀ."

ಕರಡುರಾಯರು ಪಾತ್ರೆ ಎತ್ತಿಕೊಂಡು ಮತ್ತೆ ಅಡುಗೆಮನೆಗೆ ನಡೆದರು.