ತುಳಸಿ ಕಟ್ಟೆಯ ರೇಡಿಯೋ

ಹೆಂಡತಿ ತವರಿಗೆ ಹೊರಟರೆ ಗಂಡನಾದವನು ಮುಖ ಸಪ್ಪಗೆ ಮಾಡಬೇಕೆಂಬುದು ಲೋಕರೂಢಿ. ಸೋಲಾಪುರದ ಚಾದರದ ವ್ಯಾಪಾರಿ ಸಾತಲಿಂಗಪ್ಪನವರು ಆ ರೂಢಿಯನ್ನು ಮುರಿದರು. ಅಕ್ಕಲಕೋಟೆ ಬಸ್ಸಿನ ಕಿಟಕಿಯ ಕೆಳಗೆ ನಿಂತು, ಇಡೀ ಸ್ಟ್ಯಾಂಡಿಗೆ ಕೇಳುವಂತೆ, "ನಿನ್ನ ತಮ್ಮನ ಹೆಂಡ್ತಿ ನೀಲಾನ ಬಾಣಂತನ ಪೂರಾ ಮುಗಿಸೇ ಬಾ. ನನ್ನ ಚಿಂತಿ ಬ್ಯಾಡ. ನನಗ ರೇಡಿಯೋ ಅದ," ಎಂದರು.

"ಹೌದ್ರಿ," ಎಂದಳು ಕಸ್ತೂರಬಾಯಿ. "ಅದಕ್ಕೂ ನಿಮ್ಮಂಗ ಬಾಯಿ ಅದ, ಕಿವಿ ಇಲ್ಲ. ಜೋಡಿ ಛಲೋ ಆಗ್ತದ."

ಆ ರೇಡಿಯೋ ಸಾಮಾನ್ಯದ್ದಲ್ಲ. ತೇಗದ ಪೆಟ್ಟಿಗೆ, ಕೇಂದ್ರ ಸಿಕ್ಕಾಗ ಮಿನುಗುವ ಹಸಿರು ದೀಪದ ಕಣ್ಣು, ಮೇಲೆ ಕಸ್ತೂರಬಾಯಿ ಕಸೂತಿ ಹಾಕಿದ ಮುಸುಕು. ಕೊಳ್ಳುವಾಗ ಅಂಗಡಿಯವನು, ಅರ್ಥಿಂಗ್ ತಂತಿಗೆ ಹಿತ್ತಲಲ್ಲಿ ಆಳವಾದ ಕುಣಿ ತೋಡಿ ಇದ್ದಿಲು, ಉಪ್ಪು ತುಂಬಬೇಕು, ಆ ನೆಲ ಸದಾ ತಂಪಿರಬೇಕು ಎಂದೆಲ್ಲ ಹೇಳಿದ್ದ. ಕುಣಿ ಎಂದರೆ ಕೂಲಿ. ಸಾತಲಿಂಗಪ್ಪನವರ ಕಿವಿ ಅಲ್ಲಿಗೇ ಮುಚ್ಚಿತು. "ಭೂಮಿತಾಯಿ ಎಲ್ಲಾ ಕಡೆ ಒಬ್ಬಾಕಿನ," ಎಂದು ಘೋಷಿಸಿ, ತಂತಿಯ ತುದಿಯನ್ನು ಹಿತ್ತಲ ತುಳಸಿ ಕಟ್ಟೆಯ ಮಣ್ಣಿಗೆ ಚುಚ್ಚಿದರು. (ವ್ಯಾಪಾರದಲ್ಲಿ ಉಳಿಸಿದ್ದೇ ಗಳಿಕೆ ಎನ್ನುತ್ತಾರೆ. ಹಾಗೆನ್ನುವವರು ಮುಂದಿನದನ್ನು ಓದಬೇಕು.)

ಅಂದಿನಿಂದ ಆ ಮನೆಯಲ್ಲಿ ನಿತ್ಯ ಬೆಳಿಗ್ಗೆ ಒಂದು ಕದನ. ಕಸ್ತೂರಬಾಯಿ ತುಂಬಿದ ತಂಬಿಗೆ ಹಿಡಿದು ಹಿತ್ತಲಿಗೆ ಇಳಿದರೆ ಇವರು ಒಳಗಿನಿಂದ, "ತಂತಿಗಿ ನೀರ ಸೋಕಿಸಬ್ಯಾಡ, ಶಾಕ್ ಹೊಡೀತದ! ರೇಡಿಯೋ ಹಾಳಾಗ್ತದ!"

"ತುಳಸವ್ವ ನಿಮ್ಮ ರೇಡಿಯೋಕಿಂತ ಮದಲ ಈ ಮನಿಗಿ ಬಂದಾಳ," ಎಂದು ಆಕೆ ತಂಬಿಗೆಯನ್ನು ಪೂರ್ತಿ ಬಗ್ಗಿಸುವಳು.

ಈಗ ಆಕೆ ಅಕ್ಕಲಕೋಟೆ ಕಡೆಯ ತವರೂರು ತಡವಳದಲ್ಲಿ. ಸಾತಲಿಂಗಪ್ಪನವರು ಮನೆಯ ಆಡಳಿತ ಸುಧಾರಿಸಿದರು. ಪಾಪ ತಟ್ಟದಿರಲೆಂದು ತುಳಸಿಯ ಎಲೆಗಳಿಗೆ ನಾಲ್ಕು ಹನಿ ಚಿಮುಕಿಸಿದರು. ಬುಡಕ್ಕೆ ಮಾತ್ರ ಒಂದು ತೊಟ್ಟೂ ಇಲ್ಲ. ಸೋಲಾಪುರದ ಬಿಸಿಲು ಉಳಿದ ಕೆಲಸ ಮಾಡಿತು. ಮಣ್ಣು ಬಿರಿಯಿತು. ಧಾರವಾಡ ಕೇಂದ್ರದ ದನಿ ಮೊದಲು ಸೊರಗಿತು, ಆಮೇಲೆ ಗೊಗ್ಗರಾಯಿತು, ಕೊನೆಗೆ "ಗೊರ್ರ್" ಒಂದೇ ಉಳಿಯಿತು. ಆ ಗೊರಗೊರ ಕೇಳಲಾರದೆ ಅದನ್ನು ಆರಿಸಿದರು.

ಆಗ ಮನೆ ಎಷ್ಟು ದೊಡ್ಡದೆಂಬುದು ಗೊತ್ತಾಯಿತು. ಅಂಗಡಿ ಮುಚ್ಚಿ ಬಂದು ಚಪ್ಪಲಿ ಬಿಡುತ್ತ, "ಚಹಾ ಇಡs" ಎಂದರು. ಅಡುಗೆಮನೆ ಉತ್ತರ ಕೊಡಲಿಲ್ಲ. ರೇಡಿಯೋ ಮಾತಾಡುತ್ತಿದ್ದಾಗ ಅದರ ಮೇಲೆ ದನಿ ಏರಿಸಿ ಇಬ್ಬರೂ ಜಗಳಾಡುತ್ತಿದ್ದರಲ್ಲ, ಆ ಜಗಳವಾದರೂ ಬೇಕೆನಿಸಿತು. ಖಾನಾವಳಿಯ ಊಟ ಮುಗಿಸಿ ಹೊರಡುವಾಗ ಎಲೆ ಅಡಿಕೆ ಇಬ್ಬರಿಗಾಗುವಷ್ಟು ಕಟ್ಟಿಸಿಕೊಂಡು ಬಂದರು. ರೂಢಿ.

ರಿಪೇರಿಯನ್ನು ತಾವೇ ಕೈಗೆತ್ತಿಕೊಂಡರು. ಬೆನ್ನು ಬಿಚ್ಚಿ, ಬಲ್ಬಿನಂಥ ವಾಲ್ವುಗಳನ್ನು ಕಿತ್ತು, ಧೋತರದ ಚುಂಗಿನಿಂದ ಒರೆಸಿ ಮರಳಿ ಕೂಡಿಸಿದರು. ಎರಡು ಸ್ಕ್ರೂ ಹೆಚ್ಚಾದವು. (ಅಂಗಡಿಯ ದಾಸ್ತಾನಿನಲ್ಲಿ ಎಂದೂ ಏನೂ ಹೆಚ್ಚಾದದ್ದಿಲ್ಲ.) ಗೊರ್ರ್ ಹೋಗಲಿಲ್ಲ. ಕೊನೆಗೆ ಒಳ್ಳೆಯ ಚಾದರದಲ್ಲಿ ಸುತ್ತಿ, ಟಾಂಗಾದಲ್ಲಿ ತೊಡೆಯ ಮೇಲಿಟ್ಟುಕೊಂಡು ರೇಡಿಯೋ ಮೆಕ್ಯಾನಿಕ್ ಅಣ್ಣಾರಾಯನಲ್ಲಿಗೆ ಹೊರಟರು. "ಕೂಸಿಗಿ ಏನಾಗ್ಯದರಿ?" ಎಂದ ಟಾಂಗಾದವನು.

ಅಣ್ಣಾರಾಯ ತನ್ನ ಅಂಗಡಿಯ ತಂತಿಗೆ ಜೋಡಿಸಿದ್ದೇ ತಡ, ರೇಡಿಯೋ ಮದುವೆಮನೆಯಂತೆ ಹಾಡಿತು. ಮನೆಗೆ ತಂದರೆ ಗೊರ್ರ್. ಮತ್ತೆ ಒಯ್ದರು, ಹಾಡಿತು. ತಂದರು, ಗೊರ್ರ್.

"ಸಾವಕಾರ್ರ, ಇದಕ್ಕ ಏನೂ ಆಗಿಲ್ಲ," ಎಂದ ಅಣ್ಣಾರಾಯ. "ನಿಮ್ಮ ಮನ್ಯಾಗ ಅದಕ್ಕ ಬ್ಯಾಸರ ಬಂದದ. ಅರ್ಥಿಂಗ್ ಬರೋಬರ ಅದ ಇಲ್ರಿ?"

"ನಾನೇ ಹುಗದೀನಿ!" ಎಂದು ಗದರಿ ಎದ್ದು ಬಂದರು.

ಮರುದಿನ ತಡವಳದ ಬಸ್ಸು ಹತ್ತಿದರು. ಬಾಣಂತಿಯ ಕೋಣೆಯಿಂದ ಹೊರಬಂದ ಕಸ್ತೂರಬಾಯಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. "ಸೊರಗೀರಲ್ಲ! ಏನಾತ್ರಿ?"

"ರೇಡಿಯೋ ಕೆಟ್ಟದ."

"ನಾ ಏನ್ ಮಿಸ್ತ್ರಿ ಏನ್ರಿ?"

"ನೀ ಒಮ್ಮಿ ಬಂದು ನೋಡು." ನಿನ್ನನ್ನು ನೋಡಬೇಕಿತ್ತು ಎಂಬ ಮಾತು ಗಂಟಲವರೆಗೆ ಬಂದು, ಸಂಕೋಚದಿಂದ ಹಿಂದೆ ಸರಿಯಿತು.

ಕೂಸಿಗೆ ಹಳೆಯ ಮೆತ್ತನೆ ಸೀರೆಗಳು ಬೇಕಾಗಿದ್ದವು. ಅವನ್ನು ತರುವ ನೆಪದಲ್ಲಿ ಆಕೆ ಜೊತೆಗೆ ಹೊರಟಳು. ಮರುದಿನ ಬೆಳಿಗ್ಗೆ ಸಾತಲಿಂಗಪ್ಪನವರು ಸಾಕ್ಷಿಗೆಂದು ರೇಡಿಯೋ ಹಚ್ಚಿದರು. ಗೊರ್ರ್. ಅಷ್ಟರಲ್ಲಿ ಹಿತ್ತಲಿನಿಂದ ಚೀರಾಟ: "ನನ್ನ ತುಳಸವ್ವನ್ನ ಒಣಗಿಸಿ ಕುಂತೀರಲ್ಲ! ಕೈಗಿ ಏನ್ ಬ್ಯಾನಿ ಬಂದಿತ್ತರಿ?" ಸಿಟ್ಟಿನಲ್ಲಿ ಆಕೆ ತಂಬಿಗೆಯಲ್ಲ, ಇಡೀ ಕೊಡವನ್ನೇ ಬಗ್ಗಿಸಿದಳು.

ಗೊರ್ರ್ ನಿಂತಿತು. ಹಸಿರು ಕಣ್ಣು ತೆರೆಯಿತು. ಧಾರವಾಡ ಕೇಂದ್ರ ಸ್ಪಷ್ಟವಾಗಿ ವಾರ್ತೆ ಓದತೊಡಗಿತು.

ಸಾತಲಿಂಗಪ್ಪನವರು ಕುಣಿಯುವುದೊಂದು ಬಾಕಿ. "ನೀರ! ಕಸ್ತೂರಿ, ನೀರಿಂದs ನಡೀತಿತ್ತು ಇದು! ನೆಲ ಒಣಗಿತ್ತು, ಅದಕs!" ಎಂದು ಗುಟ್ಟನ್ನೆಲ್ಲ ಬಿಚ್ಚಿಟ್ಟರು. ಗಿರಾಕಿಯ ಮುಂದೆ ಅಸಲು ದರ ಹೇಳಿಬಿಟ್ಟ ವ್ಯಾಪಾರಿ ಕೂಡ ಇಷ್ಟು ದಡ್ಡನಲ್ಲ.

"ಬರೋಬರ," ಎಂದಳು ಕಸ್ತೂರಬಾಯಿ, ಸೀರೆಗಳ ಗಂಟು ಕಟ್ಟುತ್ತ. "ಹಂಗಾರ ನಾ ಯಾಕ ಬೇಕು? ದಿನಾ ಒಂದ ತಂಬಿಗಿ ನೀರ ಹಾಕ್ರಿ, ಆತು. ನೀಲಾನ ಬಾಣಂತನ ಇನ್ನೂ ಭಾಳ ಅದ."

ಮಧ್ಯಾಹ್ನ ಮತ್ತೆ ಅದೇ ಕಿಟಕಿಯ ಕೆಳಗೆ ನಿಂತರು. ಈ ಸಲ ದನಿ ಯಾರಿಗೂ ಕೇಳುವಂತಿರಲಿಲ್ಲ. "ಕಸ್ತೂರಿ..."

"ಏನ್ರಿ?"

"ಏನಿಲ್ಲ. ಸೀಟ ಸಿಕ್ಕತಲ್ಲ."

ಬಸ್ಸು ಧೂಳೆಬ್ಬಿಸಿ ಹೋಯಿತು. ಮನೆಗೆ ಬರುವಷ್ಟರಲ್ಲಿ ಅವರೊಳಗಿನ ವ್ಯಾಪಾರಿ ಎಚ್ಚೆತ್ತಿದ್ದ. ರೇಡಿಯೋ ಕೆಟ್ಟಾಗ ಆಕೆ ಬಂದಿದ್ದಳು. ಅಂದಮೇಲೆ ಕೆಡಬೇಕು! ತಂಬಿಗೆಯನ್ನು ಬೋರಲು ಹಾಕಿ ಕಾದರು. ಪ್ರತಿ ಸಂಜೆ ಗುಂಡಿ ತಿರುವಿ, ಗೊರ್ರ್ ಬಂದೀತೆಂದು ಕಿವಿಗೊಟ್ಟರು. ರೇಡಿಯೋ ದಿನದಿನಕ್ಕೆ ಇನ್ನಷ್ಟು ಇಂಪಾಗಿ ಹಾಡಿತು.

ಕೊನೆಗೊಂದು ಸಂಜೆ ಹಿತ್ತಲಿಗೆ ಹೋಗಿ ಮಣ್ಣು ಮುಟ್ಟಿದರು. ಕೆಸರು!

ಗೋಡೆಯಾಚೆಯಿಂದ ನೆರೆಮನೆಯ ಗಂಗುಬಾಯಿ ಇಣುಕಿದಳು. "ಚಿಂತಿ ಬಿಡ್ರಿ ಸಾವಕಾರ್ರ. ನೀವು ಅಂಗಡಿಗಿ ಹೋದಕೂಡ್ಲೆ ನಾನs ಬಂದು ನೀರ ಹಾಕ್ತೀನಿ. ಕಸ್ತೂರವ್ವ ಈ ಸಲ ಕೈ ಹಿಡದ ಹೇಳಿ ಹೋಗ್ಯಾಳ. 'ರೇಡಿಯೋ ಬಂದ್ ಆದ್ರ ಅವರಿಗಿ ಮನ್ಯಾಗ ಜೀವ ನಿಲ್ಲಂಗಿಲ್ಲ, ಬಾಯಿ ಬಿಟ್ಟ ಹೇಳೂ ಪೈಕಿನೂ ಅಲ್ಲ' ಅಂದ್ಲು."

ಸಾತಲಿಂಗಪ್ಪನವರು ಒಳಬಂದು ರೇಡಿಯೋ ಮುಂದೆ ಕುಳಿತರು. ಧಾರವಾಡದವರು ರೈತ ಬಾಂಧವರಿಗೆ, ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆಂದು ತಿಳಿಹೇಳುತ್ತಿದ್ದರು.

"ಇದೊಂದ ಮಾತು ಗಂಗುಬಾಯಿಗಿ ಕೇಳೂಹಂಗ ಹೇಳಪಾ," ಎಂದು ಅವರು ಗುಂಡಿ ತಿರುವಿ ದನಿ ಏರಿಸಿದರು.