ಹದಿನಾಲ್ಕು ದಿನದ ಹೋಟೆಲು, ನನಗ ಮಾತ್ರ ಇಪ್ಪತ್ಮೂರು

ಒಂದು ಮಾತು ಮೊದಲೇ ಒಪ್ಕೊಂಡ್ಬಿಡ್ತೀನ್ರಿ. ಉಣ್ಣೂ ಹೊತ್ತಿಗೆ ಬಾಗ್ಲಾಗ ಯಾರರ ನಿಂತ್ರ, ಅವ್ರಿಗೆ 'ಬರ್ರಿ, ಊಟ ಮಾಡ್ರಿ' ಅನ್ನದ ನನ್ನ ಬಾಯಿ ಸುಮ್ನಿರಂಗಿಲ್ಲ. ಇದು ನನ್ನ ಒಳ್ಳೆತನ ಅಂತ ತಿಳ್ಕೋಬ್ಯಾಡ್ರಿ, ಕೆಮ್ಮು ಬಂದಂಗ ತಾನೇ ಬರ್ತದ. ನಮ್ಮ ಹುಮನಾಬಾದದಾಗ ಕರೆಂಟ್ ಮೀಟರ್ ನೋಡಾಕ ಬಂದಾಂವಗೂ ಅಂತೀವಿ, ತಪ್ಪು ಮನಿ ಬಾಗ್ಲಾ ಬಡ್ದಾಂವಗೂ ಅಂತೀವಿ. ಅಂವ ಉಣ್ಣಾಕ ಬಂದಿಲ್ಲ ಅಂತ ನಮಗ ಗೊತ್ತು, ನಾವು ಉಣಿಸಾಕ ಕರ್ದಿಲ್ಲ ಅಂತ ಅವಂಗ ಗೊತ್ತು. 'ಇಲ್ರಿ, ಈಗ ಆಯ್ತು' ಅಂತಾನ. 'ಹಾಂಗಂದ್ರ ಹ್ಯಾಂಗ್ರಿ, ಚಾ ಆದ್ರೂ ಕುಡೀರಿ' ಅಂತೀವಿ. 'ಮತ್ತೊಮ್ಮೆ ಬರ್ತೀನ್ರಿ' ಅಂತಾನ. ಇಬ್ರಿಗೂ ಸಮಾಧಾನ. ಒಂದು ತುತ್ತು ಖರ್ಚಿಲ್ಲ, ಓಣಿ ತುಂಬ ಹೆಸರು. ಇಂಥಾ ಪುಕ್ಕಟೆ ಮಾತಿನ ಸಲುವಾಗಿ ಪರದೇಶದಾಗ ನನ್ನ ಹೆಂಡತಿ ನೌಕರಿ ಹೋಗೋ ಪಾಳಿ ಬಂದಿತ್ತು ಅಂದ್ರ ನಂಬ್ತೀರೇನು? ನಂಬ್ರಿ. ಆಕಿ ಇನ್ನೂ ಅದನ್ನೇ ಹೇಳಾಕತ್ತ್ಯಾಳ.

ಹೆಂಡತಿ ಹೆಸರು ಶೋಭಾ. ತವರು ಬಸವಕಲ್ಯಾಣ. ನರ್ಸ್. ಹತ್ತು ವರ್ಷ ಖಾಸಗಿ ದವಾಖಾನಿಯೊಳಗ ದುಡಿದು, ಮಗಳನ್ನ ತೊಡಿ ಮ್ಯಾಲ ಮಲಗಿಸ್ಕೊಂಡು ಪುಸ್ತಕ ಓದಿ, ಹೊರದೇಶದ ನರ್ಸಿಂಗ್ ಪರೀಕ್ಷಾ ಎರಡು ಸಲ ಬರ್ದು, ಎರಡನೇ ಸಲ ಪಾಸಾದಾಕಿ. ನಂದು ಹುಮನಾಬಾದ್ ಬಸ್ ಸ್ಟ್ಯಾಂಡ್ ಕಡೆ ಒಂದು ಫೋಟೋ ಸ್ಟುಡಿಯೋ. ಗಲ್ಫಿಗೆ ಹೋಗೋ ಅರ್ಧ ಊರಿನ ಪಾಸ್‌ಪೋರ್ಟ್ ಫೋಟೋ ನಾನೇ ತೆಗ್ದಾಂವ, 'ನಗಬ್ಯಾಡ್ರಿ, ಕಿವಿ ಕಾಣ್ಲಿ' ಅಂತ ಗದರಿಸಿ ಗದರಿಸಿ. ಕೊರೋನಾ ಬಂದು, ಮದುವಿಗೋಳು ನಿಂತು, ಸ್ಟುಡಿಯೋದಾಗ ಬಲಿ ನೇಯೋ ಜ್ಯಾಡ ಒಂದೇ ಬಿಡುವಿಲ್ಲದ ಕೆಲಸ ಮಾಡಾಕತ್ತಿದ್ದಾಗ ಆಕಿಗೆ ನೌಕರಿ ಪತ್ರ ಬಂತು. ದೇಶದ ಹೆಸರು ಹೇಳಂಗಿಲ್ಲ, ಇನ್ನೂ ಅಲ್ಲೇ ಉಣ್ಣಾಕತ್ತೇನಿ. ಊರಾಗ ಸಿಕ್ಕಸಿಕ್ಕವ್ರಿಗೆ ನಾ ಹೇಳಿದ್ದೇನಂದ್ರ, 'ಫ್ಯಾಮಿಲಿ ಕರ್ಕೊಂಡು ಫಾರಿನ್ನಿಗೆ ಹೊಂಟೀನಿ.' ಯಾರು ಯಾರನ್ನ ಕರ್ಕೊಂಡು ಹೊಂಟಿದ್ರು ಅನ್ನೋದು ವೀಸಾದಾಗ ಸ್ಪಷ್ಟ ಬರ್ದಿತ್ತು. ಆದ್ರ ವೀಸಾ ಯಾರು ಓದಾಕ ಹೋಗ್ತಾರ?

ಪತ್ರದಾಗ ಒಂದು ತಾರೀಖು ಇತ್ತು. ಆ ದಿನ ಮುಂಜಾನೆ ಡ್ಯೂಟಿಗೆ ನಿಲ್ಲಬೇಕು, ಇಲ್ಲಾಂದ್ರ ಪಟ್ಟಿಯೊಳಗಿನ ಮುಂದಿನಾಕಿಗೆ ಆ ಜಾಗ. ವಿಮಾನ ಇಳಿದ ಕೂಡ್ಲೇ ಹದಿನಾಲ್ಕು ದಿನ ಹೋಟೆಲ್ ಕ್ವಾರಂಟೈನ್. ಅದನ್ನ ಕಳೆದ್ರ ಆ ತಾರೀಖಿಗೆ ಉಳಿಯೋದು ಎರಡೇ ದಿನ. ಶೋಭಾ ನಮ್ಮನ್ನ ಕುಂಡ್ರಿಸಿ ಹೇಳಿದ್ಳು: 'ಹದಿನಾಲ್ಕು ದಿನ ಅವ್ರು ಹೇಳಿದಂಗ ಕೇಳೋದು. ಪಲ್ಲವಿ, ನಿನಗೂ ಹೇಳಾಕತ್ತೇನಿ.' ಮಗಳಿಗೆ ಹತ್ತು ವರ್ಷ. 'ಹೂಂ ಮಮ್ಮಿ' ಅಂತು. ನಾನೂ 'ಮಗಳ ಮ್ಯಾಲ ನಾ ನಿಗಾ ಇಡ್ತೀನಿ' ಅಂದೆ. ನೋಡ್ರಿ ನನ್ನ ಧೈರ್ಯ!

ಹೋಟೆಲಂದ್ರ ಭಾರಿ ಹೋಟೆಲು. ನಮ್ಮ ಕಡೆ ಅಂಥಾದ್ದ ಮುಂದ ನಿಂತು ಫೋಟೋ ಹೊಡಿಸ್ಕೊಂಡು ವಾಪಸ್ ಬರ್ತೀವಿ. ನಡುವ ಒಂದು ಬಾಗ್ಲಾ ಇರೋ ಎರಡು ಖೋಲಿ ಕೊಟ್ರು. ಕೈಗೆ ಒಂದು ಪಟ್ಟಿ ಕಟ್ಟಿದ್ರು, ಎಮ್ಮಿ ಕಿವಿಗೆ ಬಿಲ್ಲೆ ಹೊಡೀತಾರಲ್ಲ, ಆ ನಮೂನಿ. ಕಿಟಕಿ ತೆಗಿಯಾಕ ಬರಂಗಿಲ್ಲ. ಹೊರಗ ನೋಡಿದ್ರ ಅರ್ಧ ಕಟ್ಟಿದ ಬಿಲ್ಡಿಂಗು, ಪೂರಾ ಖಾಲಿ ಪಾರ್ಕಿಂಗು. ಮೂರು ಹೊತ್ತು ಊಟದ ಚೀಲ ಬಾಗ್ಲಾ ಮುಂದಿನ ಖುರ್ಚಿ ಮ್ಯಾಲ ಇಟ್ಟು ಬಾಗ್ಲಾ ಬಡೀತಾರ. ಬಡ್ದಾಂವ ದೂರ ಹೋದ ಮ್ಯಾಲ ನಾವು ಮಾಸ್ಕ್ ಹಾಕ್ಕೊಂಡು ತೆಗ್ದು ಒಳಗ ತಗೋಬೇಕು. ಅಂವ ಇರೂಮಟಾ ತೆಗಿಯಂಗಿಲ್ಲ, ಮಾತಾಡಂಗಿಲ್ಲ. ಮನುಷ್ಯಾ ಊಟ ತಂದು ಕೊಡ್ತಾನ, ನಾವು ಒಳಗ ಉಸಿರು ಹಿಡ್ಕೊಂಡು ಅಂವ ಯಾವಾಗ ಹೋಗ್ತಾನ ಅಂತ ಕಾಯೋದು! ನಮ್ಮಪ್ಪ ಇದ್ದಿದ್ರ ಆ ಊಟ ಮುಟ್ಟತಿದ್ದಿಲ್ಲ.

ನಾಲ್ಕನೇ ದಿನ ಬಸವಕಲ್ಯಾಣದಿಂದ ನಮ್ಮ ಅತ್ತಿ ವಿಡಿಯೋ ಕಾಲ್ ಮಾಡಿದ್ರು. ನಾ ಮಾರಿ ಸಣ್ಣ ಮಾಡ್ಕೊಂಡು, 'ಪೂರಾ ಜೇಲ್ ನೋಡ್ರಿ ಅತ್ತಿ' ಅಂದೆ. ಅವ್ರು ಫೋನು ಕಣ್ಣಿಗೆ ಹತ್ತಿರ ಹಿಡ್ಕೊಂಡು ನಮ್ಮ ಖೋಲಿ ಎಲ್ಲಾ ನೋಡಿದ್ರು. 'ಅಡಗಿ ಮಾಡೋದದ ಏನ್ರಿ ಅಳಿಯಂದ್ರೇ?' ಇಲ್ರಿ. 'ಭಾಂಡಿ ತಿಕ್ಕೋದು?' ಇಲ್ರಿ. 'ಯಾರರ ಬಂದು ಹೋಗೋದು?' ಇಲ್ಲೇ ಇಲ್ರಿ. 'ಹಂಗಾದ್ರ ನನಗೂ ಅಲ್ಲೊಂದು ಖೋಲಿ ಹಿಡೀರಿ. ಐವತ್ತು ವರ್ಷ ಆಯ್ತು, ಇಂಥಾ ಜೇಲಿಗೆ ಯಾರೂ ಹಾಕವಲ್ರು ನನ್ನ.' ಶೋಭಾ ಬಿದ್ದು ಬಿದ್ದು ನಕ್ಕಳು. ನನಗ ನಗು ಬರ್ಲಿಲ್ಲ. ನನ್ನ ಪಾಲಿಗೆ ಮನ್ಯಾಗೂ ಅಡಗಿ ಮಾಡೋದು, ಭಾಂಡಿ ತಿಕ್ಕೋದು ಇದ್ದಿದ್ದಿಲ್ಲ. ನನಗಿದ್ದದ್ದು ಬಂದು ಹೋಗೋ ಮಂದಿ ಅಷ್ಟೇ, ಇಲ್ಲಿ ಅವ್ರೂ ಇಲ್ಲ.

ಖರೇ ಹೇಳ್ಬೇಕಂದ್ರ, ಬ್ಯಾಸರ ಆದಾಗ ಒಂದು ನೆನಪು ಬಂದು ಬಂದು ಕಾಡ್ತಿತ್ತು. ಮೊದಲ ಲಾಕ್‌ಡೌನಿನ್ಯಾಗ ಮುಂಬೈಗೆ ದುಡಿಯಾಕ ಹೋದ ಮಂದಿ ವಾಪಸ್ ಬಂದಾಗ, ದುಬಲಗುಂಡಿ ಕಡೆ ಒಂದು ಹಳ್ಳಿ ಶಾಲಿಯೊಳಗ ಅವ್ರನ್ನ ಇಟ್ಟಿದ್ರು. ನಾ ಅಲ್ಲಿ ಸ್ವಯಂಸೇವಕ. ಕೊರಳಾಗ ಒಂದು ಕಾರ್ಡು, ಕೈಯಾಗ ಮೊಬೈಲು, ಅಧಿಕಾರ ಅಂದ್ರ ಅಧಿಕಾರ. ಗಾರೆ ಕೆಲಸದ ಲಕ್ಷ್ಮವ್ವ ಅಂತ ಒಬ್ಬಾಕಿ, ಶಾಲಿ ಕಟ್ಟಿಗೆ ನಿಂತ್ರ ಆಕಿ ಮನಿ ಕಾಣತಿತ್ತು. ಕಟ್ಟಿ ಇಳಿದು ನಾಲ್ಕು ಹೆಜ್ಜಿ ಹೋಗಿ ತನ್ನ ಆಡು ಈಯ್ತೋ ಇಲ್ಲೋ ಅಂತ ಮಗನ್ನ ಕೂಗಿ ಕೇಳಿದ್ಳು. ನಾ ಅದರ ವಿಡಿಯೋ ಮಾಡಿ, 'ಇಂಥವ್ರಿಂದನೇ ದೇಶ ಹಾಳಾಗಾಕತ್ತದ, ಇವ್ರಿಗೆ ಹದಿನಾಲ್ಕು ದಿನ ಸುಮ್ನ ಕೂಡಾಕ ಆಗಂಗಿಲ್ಲೇನು?' ಅಂತ ಬರ್ದು ಹಾಕಿದ್ದೆ. ಭಾರಿ ಲೈಕು ಬಂದ್ವು. ಆ ಶಾಲಿಯೊಳಗ ನಲವತ್ತು ಮಂದಿಗೆ ಒಂದೇ ನಳ. ಇಲ್ಲಿ ಮೂರು ಮಂದಿಗೆ ಎರಡು ಬಾಥ್‌ರೂಮು, ಬಿಸಿನೀರು, ಟಿ.ವಿ. ಆರನೇ ದಿನಕ್ಕ ನಾ ಗ್ವಾಡಿ ಕೂಡ ಮಾತಾಡಾಕ ಶುರು ಮಾಡಿದ್ದೆ. ಆ ವಿಡಿಯೋ ಹುಡುಕಿ ಅಳಿಸ್ದೆ. ಲಕ್ಷ್ಮವ್ವಗ ಅದು ಗೊತ್ತೂ ಇಲ್ಲ, ಗೊತ್ತಾದ್ರೂ ಆಕಿಗೆ ಅದ್ರಿಂದ ಏನಾಗ್ಬೇಕಾಗ್ಯದ?

ಒಂಬತ್ತನೇ ದಿನ ಮಧ್ಯಾಹ್ನ. ಶೋಭಾ, ಪಲ್ಲವಿ ಒಳಗಿನ ಖೋಲಿಯೊಳಗ ಬಾಗ್ಲಾ ಹಾಕ್ಕೊಂಡು ಕುಂತಿದ್ರು, ಮಗಳಿಗೆ ಆನ್‌ಲೈನ್ ಕ್ಲಾಸು. ನಾ ಈ ಕಡೆ ಖೋಲಿಯೊಳಗ ಊರಿಂದ ತಂದಿದ್ದ ಕಟಕ ರೊಟ್ಟಿ ಮುರ್ದು, ಶೇಂಗಾ ಹಿಂಡಿಗೆ ಎಣ್ಣಿ ಹಾಕ್ಕೊಂಡು ಇನ್ನೇನು ಬಾಯಿಗಿಡಬೇಕು, ಬಾಗ್ಲಾ ಬಡ್ದ ಸಪ್ಪಳ. ಸುಮ್ನ ಕುಂತೆ. ದೇವರಾಣಿ ಸುಮ್ನ ಕುಂತಿದ್ದೆ. ಆದ್ರ ಹೊರಗಿನಾಂವ ಹೋಗೋದು ಬಿಟ್ಟು ಫೋನಿನ್ಯಾಗ ಮಾತಾಡಾಕತ್ತಿದ್ದ: 'ಫಿಕರ್ ನಕ್ಕೋ ಕರೋ ಅಮ್ಮಾ, ಖಾನಾ ಅಬ್ಬಿಚ್ ಖಾತೂಂ.' ಚಿಂತಿ ಮಾಡಬ್ಯಾಡ, ಈಗ ಉಣ್ತೀನಿ ಅಂತ. ಆ 'ನಕ್ಕೋ' ಕಿವಿಗೆ ಬಿತ್ತು ನೋಡ್ರಿ, ಒಂಬತ್ತು ದಿನದ ಬಿಗಿ ಎಲ್ಲಾ ಸಡ್ಲಾತು. ಇದು ನಮ್ಮ ಕಡಿ ಮಾತು! ನಮ್ಮಾಂವ ಇನ್ನೂ ಉಂಡಿಲ್ಲ! ಎದ್ದೆ, ಬಾಗ್ಲಾ ತೆಗ್ದೆ. ಮಾಸ್ಕಿಲ್ಲ, ಕೈಯಾಗ ರೊಟ್ಟಿ ತಾಟು. ಬಿಳಿ ಡ್ರೆಸ್ಸಿನ್ಯಾಗ ತಲಿಯಿಂದ ಕಾಲ್ತನಕ ಮುಚ್ಕೊಂಡಾಂವ ನಿಂತಿದ್ದ, ಕಣ್ಣಷ್ಟೇ ಕಾಣತಿದ್ವು.

'ಯಾವೂರ್ರಿ ಭಾಯ್?' ಅಂದೆ.

ಅಂವ ಗಾಬ್ರಿಯೊಳಗ ಬಾಯಿ ತಪ್ಪಿ, 'ಹಳ್ಳಿಖೇಡ್' ಅಂದುಬಿಟ್ಟ.

ಹಳ್ಳಿಖೇಡ! ನಮ್ಮ ಮನಿಯಿಂದ ಬಸ್ ಹತ್ತಿ ಕುಂತ್ರ ಸೀಟು ಬೆಚ್ಚಗಾಗೋದ್ರಾಗ ಬರೋ ಊರು. ನಾ ಹೊಸ್ತಿಲ ದಾಟೇ ಬಿಟ್ಟೆ. 'ಬರ್ರಿ, ಊಟ ಮಾಡ್ರಿ! ಜ್ವಾಳದ ರೊಟ್ಟಿ ಅದ, ಹಿಂಡಿ ಅದ!' ಅಂವ ಎರಡು ಹೆಜ್ಜಿ ಹಿಂದ ಸರ್ದು, ಕೈ ಮುಗ್ದು, ಮ್ಯಾಲಿದ್ದ ಕ್ಯಾಮೆರಾ ಕಡೆ ಕಣ್ಣು ಹೊಳ್ಳಿಸಿ, 'ಒಳಗ ಹೋಗ್ರೀ ಸಾಬ್ರ! ನನ್ನ ನೌಕರಿ ಹೋಗ್ತದ್ರೀ!' ಅಂದ. ಅಷ್ಟಾದ್ರೂ ನಾ ಏನಂದಿರ್ಬೇಕು? 'ಹಾಂಗಂದ್ರ ಹ್ಯಾಂಗ್ರಿ, ಒಂದರ ರೊಟ್ಟಿ ತಗೋರಿ' ಅಂದೆ.

ಐದು ನಿಮಿಷಕ್ಕ ಖೋಲಿ ಫೋನ್ ಬಡ್ಕೊಂತು. ಕ್ವಾರಂಟೈನ್ ಆಫೀಸರು. ನನ್ನ ಇಂಗ್ಲಿಷು ಪಾಸ್‌ಪೋರ್ಟ್ ಫೋಟೋದಷ್ಟೇ, ಆದ್ರೂ 'ಫೋರ್ಟೀನ್ ಡೇಸ್' ಮತ್ತ 'ಅಗೇನ್' ಎರಡೂ ತಿಳಿದ್ವು. ನಾಳಿಯಿಂದ ಮತ್ತ ಒಂದನೇ ದಿನ, ಮೂರೂ ಮಂದಿಗೆ. ಒಳಗಿನ ಬಾಗ್ಲಾ ತೆಗ್ದು ಶೋಭಾ ಬಂದ್ಳು. ನಾ ಹೇಳಿದ್ದು ಕೇಳಿ ಬೆರಳು ಎಣಿಸಿದ್ಳು. ಡ್ಯೂಟಿ ತಾರೀಖು ದಾಟಿ ಒಂದು ವಾರ ಹೋಗ್ತದ. ಎರಡು ಪರೀಕ್ಷಾ, ಹತ್ತು ವರ್ಷ, ಎಲ್ಲಾ ಒಂದು ರೊಟ್ಟಿಗೆ. 'ಏನ್ ಮಾಡಿದ್ರೀ ಇದು' ಅಂದ್ಳು. ಬೈದಿದ್ರ ಛಲೋ ಇತ್ತು. ಬೈಲಿಲ್ಲ. ನಾ, 'ನಮ್ಮ ಸಂಸ್ಕೃತಿ ಇವ್ರಿಗೆ ತಿಳಿಯಂಗಿಲ್ಲ' ಅಂತ ಶುರು ಮಾಡ್ದೆ. 'ಬಾಯಿ ಮುಚ್ಚೋದೂ ಒಂದು ಸಂಸ್ಕೃತಿ ಅದ' ಅಂದು ಫೋನು ನನ್ನ ಕೈಯಿಂದ ಕಸ್ಕೊಂಡ್ಳು.

ಆಮ್ಯಾಲ ಅರ್ಧ ತಾಸು ಆಕಿ ಮಾತಾಡಿದ್ಳು, ಹಂಗ ಮಾತಾಡೋದು ನಾ ಕೇಳಿದ್ದು ಅದೇ ಮೊದಲ ಸಲ. ಸಾವಕಾಶ, ಒಂದೊಂದೇ ಮಾತು, ಜ್ವರ ಬಂದ ಪೇಶೆಂಟಿಗೆ ಹೇಳಿದಂಗ. ಆಫೀಸರಿಗೆ ಹೇಳಿದ್ದು ಇಷ್ಟು: ನಡುವಿನ ಬಾಗ್ಲಾ ಹಾಕಿತ್ತು. ಕ್ಯಾಮೆರಾದಾಗ ನೋಡ್ರಿ, ಹೊಸ್ತಿಲ ದಾಟಿದಾಂವ ಒಬ್ಬನೇ. ನಮ್ಮಿಬ್ರನ್ನ ಒಳಗಿನ ಖೋಲಿಯೊಳಗ ಬ್ಯಾರೆ ಇಡ್ರಿ, ಮತ್ತೊಮ್ಮೆ ಟೆಸ್ಟ್ ಮಾಡ್ರಿ. ಊಟ ತಂದಾಂವ ತಪ್ಪು ಮಾಡಿಲ್ಲ, ಅಂವ ಹಿಂದ ಸರ್ದಿದ್ದೂ ಅದರಾಗೇ ಕಾಣ್ತದ, ಅವನ ಕೆಲಸ ತೆಗೀಬ್ಯಾಡ್ರಿ. 'ಮತ್ತ ನಿಮ್ಮ ಗಂಡ?' ಅಂತ ಆಫೀಸರು ಕೇಳಿದ್ರಂತ. ಶೋಭಾ ನನ್ನ ಕಡೆ ನೋಡಿದ್ಳು, ತಾಟಿನ್ಯಾಗಿನ ರೊಟ್ಟಿ ನೋಡಿದ್ಳು. 'ಅವ್ರನ್ನ ಇಟ್ಕೋರಿ' ಅಂದ್ಳು.

ಹಂಗೇ ಆಯ್ತು. ನಡುವಿನ ಬಾಗ್ಲಿಗೆ ಆ ಕಡಿಯಿಂದ ಕೀಲಿ. ಟೆಸ್ಟ್ ಬಂತು, ಇಬ್ರಿಗೂ ಏನಿಲ್ಲ. ಹದಿನಾಲ್ಕು ತುಂಬಿದ ದಿನ ಪಲ್ಲವಿ ಬಾಗ್ಲಾ ಆ ಕಡೆ ನಿಂತು, 'ಪಪ್ಪಾ, ಶಾಣ್ಯಾ ಆಗಿ ಇರು, ಯಾರನ್ನೂ ಕರೀಬ್ಯಾಡ' ಅಂತ ಹೇಳಿ ಹೋಯ್ತು. ನಾ ಆಕಿ ಮ್ಯಾಲ ನಿಗಾ ಇಡ್ತೀನಿ ಅಂದಿದ್ದೆ, ನೆನಪದಲ್ಲ? ಶೋಭಾ ತಾರೀಖಿಗೆ ಸರಿಯಾಗಿ ಡ್ಯೂಟಿಗೆ ಹಾಜರಾದ್ಳು. ಹಳ್ಳಿಖೇಡದಾಂವನ ಕೆಲಸ ಉಳೀತು, ಆದ್ರ ಬ್ಯಾರೆ ಮಹಡಿಗೆ ಹಾಕಿದ್ರು, ನನ್ನ ದನಿ ಕೇಳದಷ್ಟು ದೂರ.

ಮುಂದ ಒಂಬತ್ತು ದಿನ ನಾನೊಬ್ಬನೇ. ಆ ಒಂಬತ್ತು ದಿನದಾಗ ಆಕಿ ಡ್ಯೂಟಿ ಮಾಡ್ತಾ ಮನಿ ಹುಡುಕಿದ್ಳು, ಗ್ಯಾಸ್ ತಂದ್ಳು, ಮಗಳನ್ನ ಶಾಲಿಗೆ ಹಾಕಿದ್ಳು. ನಾ ಒಂದು ಪೋಸ್ಟ್ ಹಾಕ್ದೆ. ಫೋಟೋಗ್ರಾಫರ್ ಅಲ್ಲೇನ್ರಿ, ಕಿಟಕಿ ಬೆಳಕಿನ್ಯಾಗ ಅರ್ಧ ಮಾರಿ ಕಾಣೋ ಹಂಗ ಫೋಟೋ ತಕ್ಕೊಂಡು, 'ಹೆಂಡತಿ ಮುಂದ ಬರ್ಲಿ ಅಂತ ನಾ ಹಿಂದ ಉಳದೆ. ಸಂಸಾರ ಅಂದ್ರ ತ್ಯಾಗ' ಅಂತ ಬರ್ದೆ. ಹುಮನಾಬಾದಿನ ಅರ್ಧ ಊರು ಕೈಮುಗ್ದು ಕಮೆಂಟ್ ಮಾಡ್ತು. 'ಗಂಡಂದ್ರ ನಿಮ್ಮಂಗಿರ್ಬೇಕು ಅಣ್ಣಾ' ಅಂತ ಚಿಟಗುಪ್ಪದ ಕಾಲೇಜು ಗೆಳೆಯಾ. ಸಂಜೀಕ ಡ್ಯೂಟಿ ಮುಗಿಸಿ ಬಂದ ಶೋಭಾ ಕೆಳಗ ಒಂದೇ ಸಾಲು ಬರ್ದಿದ್ಳು: 'ತ್ಯಾಗ ಮಾಡ್ಲಿಲ್ಲ, ಬಾಗ್ಲಾ ತೆಗ್ದ್ರು.'

ನನ್ನ ಪೋಸ್ಟಿಗಿಂತ ಆ ಸಾಲಿಗೆ ಲೈಕು ಜಾಸ್ತಿ. ಮೊದಲ ನಗು ಅತ್ತಿದು. ಏನಾತು, ಏನಾತು ಅಂತ ಅವತ್ತಿಂದ ಕೇಳೋರ ಕಾಟ ಇನ್ನೂ ನಿಂತಿಲ್ಲ, ಅದಕ್ಕ ಇವತ್ತು ಕುಂತು ಪೂರಾ ಬರ್ದೀನಿ. ಹಾಕೋಕಿಂತ ಮೊದಲು ಶೋಭಾಗ ಓದಾಕ ಕೊಟ್ಟಿದ್ದೆ. ನಾ ಸ್ವಲ್ಪ ಛಲೋ ಮನುಷ್ಯಾ ಅನಿಸೋ ನಾಲ್ಕು ಕಡೆ ಇತ್ತು. ನೀವು ಹುಡುಕಬ್ಯಾಡ್ರಿ, ನಾಲ್ಕೂ ಹೊಡದು ಹಾಕ್ಯಾಳ.